ಅಕ್ಕಿ ಚೀಲದಲ್ಲಿ ಮಲಗಿದ್ದ ವೈನ್

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತಾರಿನಲ್ಲಿದ್ದಷ್ಟು ವರ್ಷವೂ ಹಿಂದಿನಿಂದ ಪೊಲೀಸ್ ಕಾರು ಬಂದರೆ ನಾನು ತಪ್ಪೇನೂ ಮಾಡದೆಯೇ ಪಕ್ಕಕ್ಕೆ ನಿಲ್ಲಿಸಿ, ಅದು ಕಣ್ಮರೆಯಾದ ಮೇಲೆ ಹೊರಡುತ್ತಿದ್ದೆ. ಅಲ್ಲಿ ಬತಾಕ ಎಂದು ಕರೆಯುವ ಗುರುತಿನ ಕಾರ್ಡು ಜೇಬಿನಲ್ಲಿದೆಯೇ ಎಂದು ದಿನಕ್ಕೆ ಹತ್ತು ಸಲ ಅಂಗಿಯ ಮೇಲಿಂದಲೇ ಮುಟ್ಟಿ ನೋಡುತ್ತಿದ್ದೆ. "ಎದೆನೋವಾ?" ಎಂದು ನನ್ನ ಹೆಂಡತಿ ಕೆಣಕುತ್ತಿದ್ದಳು. ಇಂಥವನ ಮಂಚದ ಕೆಳಗೆ ಒಂದು ಬಾಟಲಿ ಇಟಲಿಯ ವೈನ್ ಎಂಟು ತಿಂಗಳು ಮಲಗಿತ್ತು ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ದೋಹಾದ ಅಲ್ ಸದ್ದ್‌ನ ಒಂದು ಆಫೀಸಿನಲ್ಲಿ ನಾನು ನಕ್ಷೆಗಳಿಗೆ ನಂಬರು ಹಾಕಿ, ಯಾರು ಯಾವುದನ್ನು ಒಯ್ದರು ಎಂದು ಬರೆದಿಡುವ ಕೆಲಸದಲ್ಲಿದ್ದೆ. ಏಷ್ಯನ್ ಗೇಮ್ಸ್ ಬರುತ್ತದೆಂದು ಊರಿಡೀ ಅಗೆದು ಹಾಕಿದ್ದ ಕಾಲ ಅದು. ನನ್ನ ಮೇಲಿನ ಎಂಜಿನಿಯರ್ ಇಟಲಿಯವರು, ಐವತ್ತು ದಾಟಿದವರು. ಅವರ ಮನೆತನಕ್ಕೆ ಉತ್ತರ ಇಟಲಿಯ ಗುಡ್ಡಗಳ ನಡುವೆ ದ್ರಾಕ್ಷಿ ತೋಟವಿತ್ತು. ಐದು ತಲೆಮಾರಿನಿಂದ ಒಂದೇ ಜಾತಿಯ ದ್ರಾಕ್ಷಿ, ಒಂದೇ ಬಗೆಯ ಕೆಂಪು ವೈನ್. ಈಗ ಅಣ್ಣ ಅದನ್ನು ನೋಡಿಕೊಳ್ಳುತ್ತಿದ್ದರು, ತಮ್ಮ ಮಾತ್ರ ಸಿಮೆಂಟು ಕಬ್ಬಿಣ ಎಂದು ಮರಳುಗಾಡಿಗೆ ಬಂದಿದ್ದರು. ಅವರಿಗೆ ಮನೆಯ ನೆನಪಾದಾಗ ನನ್ನ ಮೇಜಿನ ಮೂಲೆಯಲ್ಲಿ ಕುಳಿತು ಆ ವೈನಿನ ವಿಷಯ ಹೇಳುತ್ತಿದ್ದರು.

ಅದು ಮಾಡಿದ ತಕ್ಷಣ ಕುಡಿಯುವಂಥದ್ದಲ್ಲವಂತೆ. ಆಳೆತ್ತರದ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು, ಆಮೇಲೆ ಬಾಟಲಿಗೆ ತುಂಬಿ, ನೆಲಮಾಳಿಗೆಯಲ್ಲಿ ಮಲಗಿಸಿ, ಮತ್ತೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಕಾಯಬೇಕು. ಎಳೆಯದರಲ್ಲಿ ಕುಡಿದರೆ ನಾಲಿಗೆ ಎಳೆದುಕೊಳ್ಳುವಷ್ಟು ಒಗರು. ಅವರು ಆ ಒಗರನ್ನು ಮುಖ ಹಿಂಡಿ ತೋರಿಸಿದಾಗ ನನಗೆ ಹಸಿ ಗೇರುಹಣ್ಣು ಕಚ್ಚಿದ ನೆನಪಾಯಿತು. "ನಮ್ಮಲ್ಲಿ ಯಾರೂ ತಾವು ಮಾಡಿದ್ದನ್ನು ಕುಡಿಯುವುದಿಲ್ಲ. ಅಜ್ಜ ಮಾಡಿಟ್ಟದ್ದನ್ನು ಕುಡಿಯುತ್ತೇವೆ, ಮೊಮ್ಮಕ್ಕಳಿಗಾಗಿ ಮಾಡಿಡುತ್ತೇವೆ" ಎನ್ನುತ್ತಿದ್ದರು. ಮನೆಯಲ್ಲಿ ಮಗು ಹುಟ್ಟಿದರೆ ಒಂದಷ್ಟು ಬಾಟಲಿಗಳಿಗೆ ಆ ಮಗುವಿನ ಹೆಸರಿನ ಚೀಟಿ ಕಟ್ಟಿ ಗೋಡೆಯ ಗೂಡಿನಲ್ಲಿ ಇಡುವುದು, ಮದುವೆಯ ದಿನ ತೆರೆಯುವುದು ಅವರ ಪದ್ಧತಿ.

ನಮಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಎಂಟನೆಯ ವರ್ಷ, ದೋಹಾದಲ್ಲೇ, ಮಗಳು ಹುಟ್ಟಿದಳು. ನಾನು ಆಫೀಸಿಗೆ ಲಡ್ಡು ಒಯ್ದ ವಾರದಲ್ಲೇ ಎಂಜಿನಿಯರ್ ಒಂದು ಸಂಜೆ ಐದು ಗಂಟೆಗೆ, ಎಲ್ಲರೂ ಹೊರಟ ಮೇಲೆ, ನನ್ನ ಕೈಗೆ ಕಂದು ಕಾಗದ ಸುತ್ತಿದ ಒಂದು ಬಾಟಲಿ ಕೊಟ್ಟರು. ಊರ ಹೊರಗೆ, ಪರ್ಮಿಟ್ ಇದ್ದವರಿಗೆ ಮಾತ್ರ ಮದ್ಯ ಸಿಗುವ ಅಂಗಡಿಯಲ್ಲಿ ತಮ್ಮ ಮನೆಯದೇ ಲೇಬಲ್ ನೋಡಿ ಅವರಿಗೆ ಕಣ್ಣು ತುಂಬಿ ಬಂದಿತ್ತಂತೆ. ಬಾಟಲಿಯ ಕೊರಳಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ಅದರ ಮೇಲೆ ಅವರದೇ ಅಕ್ಷರದಲ್ಲಿ ನನ್ನ ಮಗಳ ಹೆಸರು, ಹುಟ್ಟಿದ ತಾರೀಕು. "ಅವಳು ಹುಟ್ಟಿದ ವರ್ಷದ ವೈನ್ ಇನ್ನೂ ಪೀಪಾಯಿಯಲ್ಲೇ ಇದೆ. ಇದು ಅದರ ಅಕ್ಕ. ಕತ್ತಲಲ್ಲಿ, ತಂಪಿನಲ್ಲಿ, ಮಲಗಿಸಿಡು. ಅವಳ ಮದುವೆಗೆ ತೆರೆ" ಎಂದರು.

ನಾನು ನಕ್ಕು ಥ್ಯಾಂಕ್ಸ್ ಹೇಳಿದೆ. ಆದರೆ ಆ ಪರ್ಮಿಟ್ ನನ್ನಂಥ ಗುಮಾಸ್ತನಿಗೆ ಸಿಗುವುದಲ್ಲ. ಪರ್ಮಿಟ್ ಇದ್ದವರೂ ಇನ್ನೊಬ್ಬರಿಗೆ ಕೊಡುವಂತಿಲ್ಲ. ಸಿಕ್ಕಿಬಿದ್ದರೆ ಜೈಲು, ಆಮೇಲೆ ವೀಸಾ ರದ್ದು, ಖಲಾಸ್. ಬೇಡ ಎನ್ನಬೇಕಿತ್ತು. ಬೇಡ ಎನ್ನುವುದಕ್ಕೂ ಧೈರ್ಯ ಬೇಕಾಗುತ್ತದೆ. ಆ ಸಂಜೆ ಅಲ್ ಸದ್ದ್‌ನಿಂದ ಐನ್ ಖಾಲಿದ್‌ನ ಮನೆಗೆ ನನ್ನ ಹಳೆಯ ಕಾರನ್ನು ಸೀಟಿನ ತುದಿಯಲ್ಲಿ ಕುಳಿತು ಓಡಿಸಿದೆ. ಬಾಟಲಿ ಮಗಳ ಡೈಪರ್ ಪ್ಯಾಕೆಟ್ಟಿನೊಳಗಿತ್ತು. ಪ್ರತಿ ರೌಂಡ್‌ಅಬೌಟಿನಲ್ಲೂ ಅದು ಉರುಳುವ ಸದ್ದಾಗುತ್ತಿತ್ತು.

ನಾವಿದ್ದ ಮನೆಯ ಕತೆಯನ್ನೂ ಹೇಳಬೇಕು. ಮುಂದೆ ಮಾಲೀಕರ ದೊಡ್ಡ ಮನೆ, ಹಿಂದೆ ಗೋಡೆ ಹಾಕಿ ನಾಲ್ಕು ಸಂಸಾರಗಳಿಗೆ ಹಂಚಿದ ಒಂದು ವಿಲ್ಲಾ, ಅದರ ಮೇಲಿನ ಮಹಡಿಯಲ್ಲಿ ನಾವು. ಮಾಲೀಕರು ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ದೇವರ ಭಕ್ತರು, ರಂಜಾನಿನಲ್ಲಿ ಗೋಧಿ ಮಾಂಸ ಬೇಯಿಸಿದ ಹರೀಸನ್ನು ನಮಗೂ ಕಳಿಸುವಷ್ಟು ಒಳ್ಳೆಯವರು. ಗೇಟಿನ ಪಕ್ಕದ ಕೋಣೆಯಲ್ಲಿ ಅವರ ಡ್ರೈವರ್ ಇದ್ದರು, ಮಾಲೀಕರನ್ನು ಅರ್ಬಾಬ್ ಎನ್ನುತ್ತಿದ್ದರು. ನಮ್ಮ ಕರಾವಳಿಯ ಉಚ್ಚಿಲದ ಕಡೆಯ ಬ್ಯಾರಿ ಮುಸ್ಲಿಂ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಅವರು ನಮ್ಮ ಕಡೆಯ ರೂಢಿಯಂತೆ ಕ್ರಿಸ್ತುವನಾದ ನನ್ನನ್ನು ಪೊರ್ಬುಗಳೇ ಎಂದೂ ನನ್ನ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುತ್ತಿದ್ದರು. ಅವರ ಹೆಂಡತಿಗೆ ಕಿಡ್ನಿ ಹಾಳಾಗಿ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಕಾಕನ ಕೆಲಸ ಹೋದರೆ ಅದು ನಿಲ್ಲುತ್ತಿತ್ತು. ಇದು ನಮಗೆಲ್ಲ ಗೊತ್ತಿದ್ದ ವಿಷಯ.

ಬಾಟಲಿ ನೋಡಿದ ಹೆಂಡತಿ ಮಗುವನ್ನು ಎದೆಗೆ ಅವುಚಿಕೊಂಡು, "ನಾಳೆಯೇ ವಾಪಸ್ ಕೊಡಿ, ಇಲ್ಲಾಂದ್ರೆ ನಾನೇ ಸಿಂಕಿಗೆ ಸುರೀತೇನೆ" ಎಂದಳು. ನಾನು ಆಯಿತೆಂದೆ. ಮರುದಿನ ಸಂಜೆ, ಕೊಟ್ಟೆ ಎಂದೂ ಹೇಳಿದೆ. ಕೊಟ್ಟಿರಲಿಲ್ಲ. ಕೊಡಲು ಹೊರಟವನೇ ಆ ಚೀಟಿಯನ್ನು ಮತ್ತೊಮ್ಮೆ ಓದಿದ್ದೆ. ಏಳು ವರ್ಷ ಹರಕೆ ಹೊತ್ತು ಪಡೆದ ಮಗುವಿನ ಹೆಸರಿನಲ್ಲಿ ಒಬ್ಬರು ಮೂವತ್ತು ವರ್ಷದ ಮುಂದಿನ ಮದುವೆಗೆಂದು ಕಟ್ಟಿಕೊಟ್ಟದ್ದನ್ನು ಬೇಡವೆಂದರೆ, ಸುರಿದರೆ, ಅವಳಿಗೇನಾದರೂ ಆದರೆ? ಇದು ಮೂಢನಂಬಿಕೆಯೆಂದು ಈಗ ಹೇಳಬಲ್ಲೆ. ಆಗ ನನಗೆ ಪೊಲೀಸರ ಹೆದರಿಕೆ ಒಂದು ಕಡೆ, ಈ ಹೆದರಿಕೆ ಇನ್ನೊಂದು ಕಡೆ.

ನಮ್ಮ ಮಂಚದ ಕೆಳಗೆ ಎರಡು ಚೀಲ ಊರಿನ ಕುಚ್ಚಲಕ್ಕಿ ಇರುತ್ತಿತ್ತು. ಒಂದು ಬಳಸುತ್ತಿದ್ದದ್ದು, ಇನ್ನೊಂದು ಹೊಲಿದ ಬಾಯಿ ಬಿಚ್ಚದ್ದು. ಹೆಂಡತಿ ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ದ ಬೆಳಿಗ್ಗೆ ನಾನು ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ, ಬಿಚ್ಚದ ಚೀಲದ ಹೊಲಿಗೆ ಬಿಚ್ಚಿ, ಅಕ್ಕಿಯ ನಡುವೆ ಬಾಟಲಿಯನ್ನು ಅಡ್ಡ ಮಲಗಿಸಿ, ಅದೇ ತೂತುಗಳಲ್ಲಿ ಅದೇ ದಾರ ಪೋಣಿಸಿ ಮತ್ತೆ ಹೊಲಿದೆ. ಕತ್ತಲು, ತಂಪು, ಅಡ್ಡ ಮಲಗುವುದು, ಮೂರೂ ಆಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಬಳಸುವ ಚೀಲ ಮುಗಿಯುವ ಮೊದಲೇ ಇನ್ನೊಂದು ಸಣ್ಣ ಚೀಲ ನಾನೇ ತಂದಿಡುತ್ತಿದ್ದೆ, ಇದರ ಹೊಲಿಗೆ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಎ.ಸಿ. ಕೋಣೆಯಲ್ಲಿ ಆ ವೈನಿನ ಮೇಲೆ ನಾವು ಮೂವರೂ ಮಲಗುತ್ತಿದ್ದೆವು, ನಿದ್ದೆ ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ.

ಜುಲೈನಲ್ಲಿ ನಲವತ್ತೈದು ದಿನದ ರಜೆಗೆ ಊರಿಗೆ ಹೊರಟೆವು. ಕಾಕನೇ ಮಾಲೀಕರನ್ನು ಕೇಳಿ ಅವರ ಲ್ಯಾಂಡ್ ಕ್ರೂಸರಿನಲ್ಲಿ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟರು. ಇಮಿಗ್ರೇಷನ್ ಮುಗಿಸಿ, ಎಕ್ಸಿಟ್ ಪರ್ಮಿಟ್ ಸರಿಯಿದೆ ಎಂದು ನಾಲ್ಕನೆಯ ಸಲ ನೋಡಿಕೊಂಡು, ಬೆಂಚಿನಲ್ಲಿ ಕುಳಿತಾಗ ನನಗೆ ಎಂಟು ತಿಂಗಳಲ್ಲಿ ಮೊದಲ ಬಾರಿ ಉಸಿರು ಸಲೀಸಾಯಿತು. ಎ.ಸಿ. ನಿಲ್ಲಿಸಿ ಬಂದಿದ್ದೇವೆ, ವೈನಿಗೆ ಸೆಕೆಯಾಗಬಹುದು, ಆಗಲಿ, ಮನೆಗೆ ಬೀಗ ಬಿದ್ದಿದೆ, ಅಷ್ಟು ಸಾಕು ಎಂದುಕೊಂಡೆ. ಹೆಂಡತಿ ಮಗುವಿಗೆ ಟೊಪ್ಪಿ ಹಾಕುತ್ತಾ ಹೇಳಿದಳು:

"ಅಕ್ಕಿ ಎರಡೂ ಚೀಲ ಖಾಲಿ ಮಾಡಿದೆ, ಇಲ್ಲಾಂದ್ರೆ ಬರುವಷ್ಟರಲ್ಲಿ ಪೂರಾ ಹುಳ. ಸಣ್ಣದು ಪಕ್ಕದ ಮನೆಯ ಮಲಯಾಳಿಗೆ. ಹೊಲಿದ ಚೀಲ ಹಾಗೆಯೇ ಕಾಕನಿಗೆ. ಪಾಪ, ದಿನಾ ಬಿಳಿ ಅಕ್ಕಿ ತಿಂದು ತಿಂದು ಸಾಕಾಗಿದೆ ಅಂತ ಹೇಳ್ತಿದ್ದರು."

ರಜೆಗೆ ಹೋಗುವ ಮುನ್ನ ಮನೆಯ ಅಕ್ಕಿ ಬೇಳೆಯನ್ನು ಹಂಚುವುದು ನಮ್ಮವರೆಲ್ಲರ ಪದ್ಧತಿ. ನಾನೇ ಎಷ್ಟೋ ಸಲ ಅಂಥ ಚೀಲಗಳನ್ನು ಹೊತ್ತು ತಂದಿದ್ದೇನೆ. ಅದು ನೆನಪಿಗೆ ಬರದೆ ಹೋಯಿತಲ್ಲ! "ಎಂತ ಆಯ್ತು? ಮುಖ ಯಾಕೆ ಹಾಗೆ?" ಎಂದಳು. ಹೊಟ್ಟೆ ಸರಿಯಿಲ್ಲ ಎಂದು ಟಾಯ್ಲೆಟ್ಟಿಗೆ ಹೋಗಿ ಮೊಬೈಲಿನಲ್ಲಿ ಕಾಕನ ನಂಬರು ಒತ್ತಿದೆ. ಒಂದು ರಿಂಗ್ ಆಯಿತು. ಆಗ ತಲೆಗೆ ಬಂದದ್ದು ಒಂದೇ ಮಾತು: ಈ ಫೋನುಗಳನ್ನು ಯಾರೋ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳುತ್ತಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಟ್ ಮಾಡಿದೆ.

ನಮ್ಮ ಊರು ಶಿರ್ವಕ್ಕೆ ಬಂದ ಮೇಲೆ ಊಟ ಸೇರಲಿಲ್ಲ. ಮಾಲೀಕರ ಮಕ್ಕಳು ಕಾಕನ ಕೋಣೆಗೆ ಬಿಸ್ಕತ್ತಿಗೆಂದು ಯಾವಾಗ ಬೇಕಾದರೂ ನುಗ್ಗುತ್ತಿದ್ದರು. ಆ ಮಕ್ಕಳಲ್ಲಿ ಒಬ್ಬ ಬಾಟಲಿಯನ್ನು ಎತ್ತಿಕೊಂಡು ಅಪ್ಪನ ಬಳಿಗೆ ಓಡುವುದು ನನ್ನ ಕಣ್ಣೆದುರು ದಿನಕ್ಕೆ ನೂರು ಸಲ ನಡೆಯುತ್ತಿತ್ತು. ಕಾಕನ ಪಾಸ್‌ಪೋರ್ಟ್ ಇದ್ದದ್ದೂ ಅದೇ ಅಪ್ಪನ ಕಪಾಟಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ಬೆಡ್ಡು ಖಾಲಿಯಾಗುವುದನ್ನೂ ನೋಡುತ್ತಿದ್ದೆ. ಎಚ್ಚರಿಸಲು ಒಂದು ಮಾತು ಸಾಕಿತ್ತು. ತುಳುವಿನಲ್ಲಿ ಸೂಚ್ಯವಾಗಿ ಹೇಳಬಹುದಿತ್ತು, ಯಾರ ಕೈಯಲ್ಲಾದರೂ ಚೀಟಿ ಕಳಿಸಬಹುದಿತ್ತು.

ಏಕೆ ಹೇಳಲಿಲ್ಲ ಎಂಬುದಕ್ಕೆ ಆಗ ನನ್ನ ಬಳಿ ಒಂದು ವಾದವಿತ್ತು. ಗೊತ್ತಿಲ್ಲದೆ ಸಿಕ್ಕಿಬಿದ್ದರೆ ಕಾಕ ನಿರಪರಾಧಿ, ಗೊತ್ತಿದ್ದೂ ಇಟ್ಟುಕೊಂಡರೆ ಅಪರಾಧಿ, ಆದ್ದರಿಂದ ಹೇಳದಿರುವುದೇ ಅವರಿಗೆ ಒಳ್ಳೆಯದು. ನಿಜ ಸಂಗತಿ ಬೇರೆ. ಹೇಳಿದರೆ ಅವರು ತಮ್ಮನ್ನು ಉಳಿಸಿಕೊಳ್ಳಲು ನೇರ ಮಾಲೀಕರ ಬಳಿ ಹೋಗಿ, ಇದು ಮೇಲಿನ ಮನೆಯ ಪೊರ್ಬುವಿನದು ಎಂದು ತೋರಿಸಿಬಿಡುತ್ತಾರೆ ಎಂದು ನಾನು ಹೆದರಿದ್ದೆ. ಅವರು ಅಂಥವರಲ್ಲ ಎಂದು ಗೊತ್ತಿದ್ದೂ ಹೆದರಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೂರನೆಯ ವಾರ ತಡೆಯಲಾರದೆ ಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡು ಫೋನ್ ಮಾಡಿದೆ.

"ಯಾರು?"

"ನಾನು ಕಾಕ, ಮೇಲಿನ ಮನೆಯವ."

"ಓ ಪೊರ್ಬುಗಳಾ! ಎಂತ ಊರಿಂದ? ಮಗು ಉಷಾರುಂಟಾ?"

"ಉಷಾರುಂಟು. ಅಲ್ಲಿ ಹೇಗೆ? ಸೆಕೆ ಉಂಟಾ?"

"ಸೆಕೆಯ ವಿಷಯ ಕೇಳ್ಬೇಡಿ."

ಅವರ ದನಿ ಮೊದಲಿನಂತಿರಲಿಲ್ಲ. ನಾನು ಬೆವರು ಒರೆಸಿಕೊಂಡು, "ಕಾಕ, ಅಕ್ಕಿ..." ಎಂದೆ.

"ಹಾಂ, ಅಕ್ಕಿ?" ಎಂದು ಅವರು ಕೂಡಲೇ ಕೇಳಿದರು. ಆಮೇಲೆ ಆ ಕಡೆಯಿಂದ ಉಸಿರಿನ ಸದ್ದು ಕೂಡ ಇಲ್ಲ.

"ಅಕ್ಕಿ ಈ ಸಲ ಊರಲ್ಲಿ ಒಳ್ಳೆಯದು ಬಂದಿದೆ. ಬರುವಾಗ ನಿಮಗೆ ತರ್ತೇನೆ."

"ಬೇಡ ಮಾರಾಯ್ರೆ, ಅಕ್ಕಿ ತರ್ಬೇಡಿ. ಯಲ್ಲಾ, ಅರ್ಬಾಬ್ ಕರೀತಾರೆ, ಇಡ್ತೇನೆ."

ಬೂತಿನಿಂದ ಹೊರಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬಾಟಲಿ ಸಿಕ್ಕಿದೆಯೋ ಇಲ್ಲವೋ ಆ ದನಿಯಿಂದ ತಿಳಿಯಲಿಲ್ಲ. ಉಳಿದ ದಿನಗಳನ್ನು ಹೇಗೋ ಕಳೆದೆ. ವಾಪಸು ಹೋಗುವುದೇ ಬೇಡ ಎನಿಸಿ ಒಂದು ದಿನ ಹೆಂಡತಿಗೆ ಮಂಗಳೂರಿನಲ್ಲೇ ಕೆಲಸ ನೋಡಿದರೆ ಹೇಗೆ ಎಂದೂ ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ದೋಹಾದಲ್ಲಿ ಇಳಿದು ಹೊರಗೆ ಬಂದಾಗ ಜನರ ನಡುವೆ ಕಾಕನ ಬಿಳಿ ಟೊಪ್ಪಿ ಕಂಡಿತು. ಹಿಡಿದಿಲ್ಲ, ಕಳಿಸಿಲ್ಲ, ಮನುಷ್ಯ ಇಲ್ಲೇ ಇದ್ದಾರೆ! ನನಗೆ ಅಳು ಬರುವಂತಾಯಿತು. ಅವರು ಇಳಿದುಹೋಗಿದ್ದರು, ಕೆನ್ನೆಯ ಮೂಳೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಮಗುವಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಸೂಟ್‌ಕೇಸುಗಳನ್ನು ಮೇಲೆ ತಂದಿಟ್ಟ ಮೇಲೆ ಅವರು ಮತ್ತೆ ಕೆಳಗೆ ಹೋಗಿ ಒಂದು ಚೀಲ ಹೊತ್ತು ತಂದರು. ಅದೇ ಚೀಲ, ಬಾಯಿ ಹೊಲಿದದ್ದು, ಈಗ ಕಪ್ಪು ದಾರದಲ್ಲಿ.

"ಬಾಯಮ್ಮ, ಈ ಅಕ್ಕಿ ನನಗೆ ಹಿಡಿಸ್ಲಿಲ್ಲ. ನೀವೇ ಇಟ್ಕೊಳ್ಳಿ" ಎಂದರು. ನನ್ನತ್ತ ನೋಡಿ, "ಹುಳ ಉಂಟಾಂತ ಪೊರ್ಬುಗಳೇ ನೋಡ್ಲಿ. ನೀವು ಕೈ ಹಾಕ್ಬೇಡಿ" ಎಂದು ಹೊರಟುಹೋದರು.

ಪ್ರೀತಿಯಿಂದ ಕೊಟ್ಟ ಅಕ್ಕಿಯನ್ನು ತಿರುಗಿ ಕೊಡುವುದು ನಮ್ಮಲ್ಲಿ ಬೈದದ್ದಕ್ಕಿಂತ ಹೆಚ್ಚು. ಹೆಂಡತಿಗೆ ಬಹಳ ಬೇಜಾರಾಯಿತು. "ಇಷ್ಟು ಸೊಕ್ಕಾ?" ಎಂದು ತಿಂಗಳುಗಟ್ಟಲೆ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸತ್ಯ ಹೇಳಿ ಅವರ ಮಾನ ಉಳಿಸಲು ಅಲ್ಲಿಯೂ ನನಗೆ ಬಾಯಿ ಬರಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿದೆ. ಅಕ್ಕಿ ಒಂದು ಹಿಡಿಯೂ ಕಡಿಮೆಯಾಗಿರಲಿಲ್ಲ. ನಡುವೆ, ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿ, ಅಡ್ಡ ಮಲಗಿಸಿದ ಬಾಟಲಿ. ಮಗಳ ಹೆಸರಿನ ಚೀಟಿಗೆ ಬೇರೆಯಾಗಿ ಒಂದು ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿತ್ತು.

ಮರುದಿನವೇ ಅದನ್ನು ಎಂಜಿನಿಯರಿಗೆ ಹಿಂದಿರುಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ತಾವು ಕೊಟ್ಟದ್ದೇ ತಪ್ಪಾಯಿತೆಂದು ತಲೆ ಚಚ್ಚಿಕೊಂಡರು. ಆಮೇಲೆ ಅಭ್ಯಾಸಬಲದಿಂದ ಬಾಟಲಿಯನ್ನು ಬೆಳಕಿಗೆ ಹಿಡಿದು, ಕಾರ್ಕ್ ಸವರಿ ನೋಡಿ, ಏನೂ ಕೆಟ್ಟಿಲ್ಲ ಎಂದರು. ನಮ್ಮ ಬೀಗ ಹಾಕಿದ ಮನೆಯಲ್ಲಿದ್ದಿದ್ದರೆ ಬೇಸಿಗೆಗೆ ಬೆಂದುಹೋಗುತ್ತಿತ್ತಂತೆ. ಕಾಕನ ಕೋಣೆಯ ಎ.ಸಿ. ಹಗಲಿರುಳು ಓಡುತ್ತಿತ್ತು. "ಆ ಮನುಷ್ಯನಿಗೆ ವೈನಿನ ವಿಷಯ ಗೊತ್ತೇ?" ಎಂದು ಕೇಳಿದರು. "ಅವರು ಅದನ್ನು ಮುಟ್ಟುವವರೂ ಅಲ್ಲ" ಎಂದೆ. ಚೀಟಿಯನ್ನು ಬಿಚ್ಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು. ಮಗಳು ಹುಟ್ಟಿದ ವರ್ಷದ ಬಾಟಲಿಗೆ, ತಮ್ಮ ಊರಿನ ನೆಲಮಾಳಿಗೆಯಲ್ಲೇ, ಅದನ್ನು ಕಟ್ಟುತ್ತೇನೆ ಎಂದರು. ಕಟ್ಟಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಎರಡು ವಾರ ಕಾಕನ ಕಣ್ಣು ತಪ್ಪಿಸಿ ಓಡಾಡಿದೆ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಅವರು ಲ್ಯಾಂಡ್ ಕ್ರೂಸರ್ ತೊಳೆಯುತ್ತಿದ್ದರು. ಗೇಟು ದಾಟಬೇಕಿತ್ತು, ತಪ್ಪಿಸಿಕೊಳ್ಳುವಂತಿರಲಿಲ್ಲ. ಪೈಪಿನ ನೀರು ನಿಲ್ಲಿಸಿ ಹತ್ತಿರ ಕರೆದರು.

"ಅದು ಹೋಯ್ತಾ?"

"ಹೋಯ್ತು ಕಾಕ. ಕೊಟ್ಟವರಿಗೇ ಕೊಟ್ಟೆ."

"ಅಲ್ಹಮ್ದುಲಿಲ್ಲಾ. ನನ್ನ ಅರ್ಧ ಜೀವ ಹೋಗಿತ್ತು ಮಾರಾಯ್ರೆ. ಎರಡನೇ ಶುಕ್ರವಾರ ಗಂಜಿ ಮಾಡುವಾಂತ ಚೀಲ ಬಿಚ್ಚಿದರೆ ಒಳಗೆ ಇದು! ಅರ್ಬಾಬ್ ಒಂದು ದಿನ ಎ.ಸಿ. ನೀರು ಸೋರ್ತದಾಂತ ನೋಡ್ಲಿಕ್ಕೆ ಬಂದು ಅದೇ ಮಂಚದಲ್ಲಿ ಕೂತ್ರು. ಕೆಳಗೆ ಅದು, ಮೇಲೆ ಅವರು. ನಾನು ನಿಂತಲ್ಲೇ ಬೆವರಿದ್ದೆ."

"ಎಸೆದುಬಿಡಬಹುದಿತ್ತಲ್ಲ ಕಾಕ?"

"ಎಸೀಲಿಕ್ಕೆ ಎರಡು ಸಲ ತೆಗೆದೆ. ಮಗುವಿನ ಹೆಸರು ಕಟ್ಟಿತ್ತಲ್ಲ. ಮಗುವಿನ ಸೊತ್ತು ಕಸದ ಡಬ್ಬಿಗೆ ಹಾಕುವುದು ಹೇಗೆ?" ಎಂದು ನನ್ನನ್ನೇ ದಬಾಯಿಸಿದರು. ಆಮೇಲೆ ದನಿ ತಗ್ಗಿಸಿದರು. "ಮೊದಲು ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಬೇಕು. ಗೊತ್ತಿದ್ದೇ ನನ್ನ ತಲೆಗೆ ಕಟ್ಟಿ ಹೋದರಾ ಅಂತ. ಮತ್ತೆ ನೀವು ಊರಿಂದ ಫೋನ್ ಮಾಡಿದ್ರಲ್ಲ? ಅಕ್ಕಿ ಅಂದ ಕೂಡಲೇ, ಈಗ ಹೇಳ್ತಾರೆ ಅಂತ ಉಸಿರು ಕಟ್ಟಿ ನಿಂತೆ. ನೀವು ನೋಡಿದ್ರೆ, ಇನ್ನೂ ಅಕ್ಕಿ ತರ್ತೇನೆ ಅಂದ್ರಿ. ಆಗ ಸಮಾಧಾನ ಆಯ್ತು. ಪಾಪ, ಬಾಯಮ್ಮ ಚೀಲ ಕೊಟ್ಟದ್ದು ಇವರಿಗೆ ಗೊತ್ತೇ ಇಲ್ಲ ಅಂತ."

ನಾನು ನೆಲ ನೋಡುತ್ತಿದ್ದೆ. ಕಾರಿನಿಂದ ಇಳಿದ ಸೋಪಿನ ನೀರು ನನ್ನ ಚಪ್ಪಲಿಯ ಕೆಳಗೆ ಬಂದಿತ್ತು.

"ಅಲ್ವಾ ಪೊರ್ಬುಗಳೇ? ಗೊತ್ತಿದ್ದೂ ಹೇಳದೆ ಇರ್ಲಿಕ್ಕೆ ಮನುಷ್ಯನಿಗೆ ಆಗ್ತದಾ?"

"ಇಲ್ಲ ಕಾಕ, ಆಗುವುದಿಲ್ಲ" ಎಂದೆ.